ಹೊರಗಿನಿಂದ ಸಿಕ್ಕಿಸುವ ಡಿವಿಡಿ ಡ್ರೈವ್: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ಮೇ ತಿಂಗಳು ಬಂತು ಅಂದರೆ ಮಳೆಗೆ ಮುಂಚೆ ಅಟ್ಟ ಗುಡಿಸುವವರು ಜಾಸ್ತಿ. ಅಟ್ಟದಿಂದ ಬಿಸ್ಕತ್ ಡಬ್ಬಿಯೊಂದು ಇಳಿಯುತ್ತದೆ. ಅದರೊಳಗೆ ಮದುವೆ ಸಿಡಿ, ನಾಮಕರಣದ ಸಿಡಿ, ಊರಿನ ಯಕ್ಷಗಾನದ ಸಿಡಿ. ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದೆ, ಆದರೆ ಸಿಡಿ ಹಾಕಲು ಬಾಯಿಯೇ ಇಲ್ಲ. ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ‘ಅಣ್ಣಾ, ಆ ಸಿಡಿ ಹಾಕೋ ಡಬ್ಬಿ ಇದೆಯಲ್ಲ, ಅದೊಂದು ಕೊಡಿ’ ಅಂತಾರೆ. ಆಮೇಲೆ ಪ್ರಶ್ನೆಗಳು ಶುರು. ದಿನಾ ಹೇಳುವ ಉತ್ತರಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನನಗೆ ನಿಜವಾಗಲೂ ಡ್ರೈವ್ ಬೇಕಾ?

ಮೊದಲು ಮನೆಯಲ್ಲಿರುವ ಡಿಸ್ಕ್‌ಗಳನ್ನು ಎಣಿಸಿ. ಹತ್ತರೊಳಗಿದ್ದರೆ ಕೊಳ್ಳಬೇಡಿ. ನೆಂಟರ ಮನೆಯಿಂದ ಒಂದು ವಾರಕ್ಕೆ ಕಡ ತನ್ನಿ, ಇಲ್ಲಾ ನಮ್ಮಂಥ ಅಂಗಡಿಯಲ್ಲಿ ಕಾಪಿ ಮಾಡಿಸಿಕೊಳ್ಳಿ. ಮಾರುವವನೇ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಈ ಡ್ರೈವ್ ದಿನಾ ಬಳಸುವ ವಸ್ತು ಅಲ್ಲ. ಬಹುತೇಕ ಜನ ಹದಿನೈದು ದಿನ ಬಳಸಿ ಬೀರುವಿನಲ್ಲಿ ಇಡುತ್ತಾರೆ.

ಮೂವತ್ತು ನಲವತ್ತು ಡಿಸ್ಕ್ ಇದ್ದರೆ, ಅಥವಾ ಆಸ್ಪತ್ರೆಯ ಸ್ಕ್ಯಾನ್ ಸಿಡಿ, ಅಂಗಡಿ ಲೆಕ್ಕದ ಹಳೇ ಟ್ಯಾಲಿ ಬ್ಯಾಕಪ್ ಅಂತ ಆಗಾಗ ಕೆಲಸ ಬೀಳುತ್ತಿದ್ದರೆ ಸ್ವಂತದ್ದು ಇರಲಿ.

ಕೊಳ್ಳುವಾಗ ಏನೇನು ನೋಡಬೇಕು?

ನಾನು ಮೊದಲು ನೋಡುವುದು ವೈರು. ಕೆಲವು ಡ್ರೈವ್‌ಗಳಲ್ಲಿ ಗೇಣುದ್ದದ ವೈರು ಡ್ರೈವಿಗೇ ಅಂಟಿಕೊಂಡಿರುತ್ತದೆ. ತಳದ ಸಂದಿಯಲ್ಲಿ ಸುತ್ತಿ ಇಡಬಹುದು, ನೋಡಲು ಚೆಂದ. ಆದರೆ ಅದೇ ಮಡಿಕೆಯಲ್ಲಿ ಒಳಗಿನ ತಂತಿ ತುಂಡಾಗುತ್ತದೆ. ಆಗ ಇಡೀ ಡ್ರೈವ್ ಮೂಲೆಗೆ. ವೈರನ್ನು ಬೇರೆ ಮಾಡಬಹುದಾದ ಡ್ರೈವ್ ತೆಗೆದುಕೊಂಡರೆ ವೈರು ಮಾತ್ರ ಬದಲಾಯಿಸಿದರೆ ಸಾಕು.

ಎರಡನೆಯದು, ಡ್ರೈವ್ ಬರೀ ಡ್ರೈವ್ ಆಗಿರಲಿ. ಈಗೀಗ ಅದರ ಬೆನ್ನಿಗೇ ಮೆಮೊರಿ ಕಾರ್ಡ್ ಕಿಂಡಿ, ಎರಡು ಪೆನ್‌ಡ್ರೈವ್ ಕಿಂಡಿ ಎಲ್ಲ ಸೇರಿಸಿ ಮಾರುತ್ತಾರೆ. ಒಂದು ಎತ್ತಿಗೆ ನಾಲ್ಕು ಗಾಡಿ ಕಟ್ಟಿದ ಹಾಗೆ. ಬರುವ ಕರೆಂಟು ಒಂದೇ ಯುಎಸ್‌ಬಿ ಕಿಂಡಿಯಿಂದ. ಅದರಲ್ಲಿ ಮೋಟಾರು ತಿರುಗಬೇಕು, ಲೇಸರ್ ಉರಿಯಬೇಕು, ಮೇಲಿಂದ ಇವೆಲ್ಲ ನಡೆಯಬೇಕು.

ಮೂರನೆಯದು ಕಂಪನಿ. ಎಲ್‌ಜಿ, ಏಸುಸ್, ಡೆಲ್, ಲೆನೊವೊ, ಎಚ್‌ಪಿ ಹೆಸರಿನ ಡ್ರೈವ್‌ಗಳು ಸಿಗುತ್ತವೆ. ಅವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೆಸರಿಲ್ಲದ ಅಗ್ಗದ ಡ್ರೈವ್‌ಗಳಲ್ಲಿ ಕೆಲವೊಮ್ಮೆ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಡ್ರೈವನ್ನೇ ಹೊಸ ಪ್ಲಾಸ್ಟಿಕ್ ಹೊದಿಕೆಗೆ ತುಂಬಿರುತ್ತಾರೆ. ನಾನೂ ಆಸೆಗೆ ಬಿದ್ದು ಅಂಥದ್ದೊಂದು ತರಿಸಿದ್ದೆ. ಎರಡು ತಿಂಗಳು ಓಡಿತು. ಬಿಚ್ಚಿ ನೋಡಿದರೆ ಲೆನ್ಸ್ ಸುತ್ತ ಹಳೇ ಧೂಳು ಗೂಡು ಕಟ್ಟಿತ್ತು. ಹೊಸ ಡ್ರೈವಿನೊಳಗೆ ಹಳೇ ಧೂಳು!

ಬಣ್ಣ, ತೆಳುವು ಇವನ್ನೆಲ್ಲ ನೋಡಬೇಡಿ.

ಡಬ್ಬದ ಮೇಲೆ ಯುಎಸ್‌ಬಿ 3.0 ಅಂತಿದೆ. ಅದೇ ಜಾಸ್ತಿ ಸ್ಪೀಡು ಅಲ್ವಾ?

ಡ್ರೈವಿಗೆ ಅದರಿಂದ ಸ್ಪೀಡ್ ಬರಲ್ಲ. ಲೆಕ್ಕ ಹಾಕಿ ನೋಡಿ. ಡಿವಿಡಿಯಲ್ಲಿ ‘1ಎಕ್ಸ್’ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. ಈ ಚಪ್ಪಟೆ ಡ್ರೈವ್‌ಗಳು ಸಾಮಾನ್ಯವಾಗಿ 8ಎಕ್ಸ್. ಅಂದರೆ ಹೆಚ್ಚೆಂದರೆ ಸೆಕೆಂಡಿಗೆ 11 ಎಂಬಿ. ಸಿಡಿ 24ಎಕ್ಸ್‌ನಲ್ಲಿ ಓಡಿದರೆ 3.6 ಎಂಬಿ. ಹಳೇ ಯುಎಸ್‌ಬಿ 2.0 ಇದರ ಎರಡು ಮೂರರಷ್ಟನ್ನು ಸಲೀಸಾಗಿ ಸಾಗಿಸುತ್ತದೆ. ನಾಲ್ಕು ಪಥದ ರಸ್ತೆ ಮಾಡಿದರೂ ಎತ್ತಿನ ಗಾಡಿ ಎತ್ತಿನ ಗಾಡಿಯೇ.

ಆದರೆ ನಿಮ್ಮ ಲ್ಯಾಪ್‌ಟಾಪಿನ ನೀಲಿ ಬಣ್ಣದ 3.0 ಕಿಂಡಿಗೆ ಸಿಕ್ಕಿಸಿದರೆ ಬೇರೊಂದು ಲಾಭ ಇದೆ. ಅದು ಕರೆಂಟಿನ ವಿಷಯ. ಕೆಳಗೆ ಬರೆದಿದ್ದೇನೆ.

ಆನ್‌ಲೈನಲ್ಲಿ ತರಿಸೋದಾ, ಇಲ್ಲೇ ತಗೊಳ್ಳೋದಾ?

ಎರಡೂ ಸರಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಎಲ್ಲ ಅಂಗಡಿಯವರೂ ಈಗ ಇದನ್ನು ಇಟ್ಟುಕೊಂಡಿರಲ್ಲ. ಹೇಳಿದರೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿ ಕೊಡುತ್ತಾರೆ. ಎಲ್ಲಿ ಕೊಂಡರೂ ಬಂದ ದಿನವೇ ಮೂರು ಡಿಸ್ಕ್ ಹಾಕಿ ನೋಡಿ: ಒಂದು ಹಾಡಿನ ಸಿಡಿ, ಒಂದು ಸಿನಿಮಾ ಡಿವಿಡಿ, ಒಂದು ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರ್ನ್ ಮಾಡಿದ, ಅಂದರೆ ಖಾಲಿ ಡಿಸ್ಕಿಗೆ ಡ್ರೈವಿನಲ್ಲಿ ಬರೆದ ಡಿಸ್ಕ್. ಮೂರೂ ಓದಿದರೆ ಮಾತ್ರ ಡಬ್ಬ ಎಸೆಯಿರಿ. ವಾಪಸು ಕೊಡುವ ಗಡುವು ಮುಗಿದ ಮೇಲೆ ಪರೀಕ್ಷೆ ಮಾಡಿ ಏನು ಪ್ರಯೋಜನ?

ಕೆಟ್ಟುಹೋದ ಹಳೇ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇದೆ. ಅದನ್ನೇ ಬಳಸಬಹುದಾ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಧಾರಾಳವಾಗಿ ಬಳಸಬಹುದು. ಲ್ಯಾಪ್‌ಟಾಪ್ ತಳದಲ್ಲಿ ಸಾಮಾನ್ಯವಾಗಿ ಒಂದೇ ಸ್ಕ್ರೂ ಅದನ್ನು ಹಿಡಿದಿರುತ್ತದೆ. ಬಿಚ್ಚಿ ಎಳೆದರೆ ಡ್ರೈವ್ ಕೈಗೆ ಬರುತ್ತದೆ. ಅದಕ್ಕೆ ಹೊರಕವಚ ಸಿಗುತ್ತದೆ, ಹೊಸ ಡ್ರೈವಿಗಿಂತ ಬಹಳ ಕಡಿಮೆ ಬೆಲೆ.

ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ಡ್ರೈವಿನ ದಪ್ಪ ಅಳೆಯಿರಿ. 12.7 ಮಿಲಿಮೀಟರ್ ಮತ್ತು 9.5 ಮಿಲಿಮೀಟರ್ ಅಂತ ಎರಡು ಜಾತಿ. ದಪ್ಪದ್ದು ತೆಳು ಕವಚದೊಳಗೆ ಹೋಗಲ್ಲ. ಹಿಂದಿನ ಪಿನ್ನುಗಳನ್ನೂ ನೋಡಿ. ತುಂಬಾ ಹಳೇ ಲ್ಯಾಪ್‌ಟಾಪ್ ಆದರೆ ಐಡಿಇ ಅನ್ನುವ ಜಾತಿಯ ಪಿನ್ನು ಇರುತ್ತದೆ, ಆಮೇಲಿನವಕ್ಕೆ ಸಾಟಾ ಅನ್ನುವ ಜಾತಿ. ಈ ಸಾಟಾ ಹಾರ್ಡ್‌ಡಿಸ್ಕಿನ ಸಾಟಾ ಅಲ್ಲ, ಕರೆಂಟಿನ ಭಾಗ ಇದರಲ್ಲಿ ಸಣ್ಣದು. ಹಾರ್ಡ್‌ಡಿಸ್ಕ್ ಕೇಬಲ್ ತಂದು ತುರುಕಲು ಹೋಗಬೇಡಿ.

ಡೆಸ್ಕ್‌ಟಾಪಿನ ದೊಡ್ಡ ಡ್ರೈವ್ ಆದರೆ ಕತೆ ಬೇರೆ. ಅದಕ್ಕೆ 12 ವೋಲ್ಟ್ ಕೂಡ ಬೇಕು, ಯುಎಸ್‌ಬಿ ಕೊಡುವುದು 5 ವೋಲ್ಟ್. ಪ್ರತ್ಯೇಕ ಅಡಾಪ್ಟರ್ ಇಲ್ಲದೆ ಆಗಲ್ಲ.

ಸಾಫ್ಟ್‌ವೇರ್ ಏನಾದರೂ ಹಾಕಬೇಕಾ?

ಬೇಡ. ವಿಂಡೋಸ್, ಮ್ಯಾಕ್, ಉಬುಂಟು ಮೂರೂ ತಾವೇ ಗುರುತು ಹಿಡಿಯುತ್ತವೆ.

ಬಟನ್ ಒತ್ತಿದರೆ ಟ್ರೇ ಒಂದಿಂಚು ಬಂದು ನಿಂತುಬಿಡುತ್ತದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ದೊಡ್ಡ ಡ್ರೈವಿನ ಹಾಗೆ ಇದರ ಟ್ರೇ ಮೋಟಾರಿನಲ್ಲಿ ಹೊರಗೆ ಬರಲ್ಲ. ಸ್ಪ್ರಿಂಗ್ ಸ್ವಲ್ಪ ತಳ್ಳುತ್ತದೆ ಅಷ್ಟೇ. ಉಳಿದದ್ದನ್ನು ನೀವೇ ಮೆತ್ತಗೆ ಎಳೆಯಬೇಕು.

ಡಿಸ್ಕ್ ಕೂರಿಸುವುದರಲ್ಲಿ ತಪ್ಪು ಮಾಡುವವರು ಬಹಳ. ದೊಡ್ಡ ಡ್ರೈವಿನಲ್ಲಿ ಸುಮ್ನೆ ಇಟ್ಟರೆ ಆಗುತ್ತಿತ್ತು. ಇದರಲ್ಲಿ ಆಗಲ್ಲ. ಎಡಗೈ ಬೆರಳನ್ನು ಟ್ರೇ ಅಡಿಗೆ ಕೊಡಿ. ಬಲಗೈಯ ಎರಡು ಬೆರಳಿಂದ ಡಿಸ್ಕಿನ ನಡುವಿನ ತೂತಿನ ಅಕ್ಕಪಕ್ಕ ಒತ್ತಿ. ‘ಟಕ್’ ಅನ್ನಬೇಕು. ಆ ಸದ್ದು ಬರದೆ ಮುಚ್ಚಿದರೆ ಡಿಸ್ಕ್ ಒಳಗೆ ಓಲಾಡಿ ಸುತ್ತಲೂ ಗೀರು ಬೀಳುತ್ತದೆ. ಅಡಿಗೆ ಬೆರಳು ಕೊಡದೆ ಒತ್ತಿದರೆ ಟ್ರೇ ಬಾಗುತ್ತದೆ. ತೆಗೆಯುವಾಗಲೂ ನಡುವೆ ಹೆಬ್ಬೆರಳಿಟ್ಟು ಅಂಚನ್ನು ಎತ್ತಿ.

ಸಿಕ್ಕಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಗುರ್ ಅಂದು ನಿಲ್ಲುತ್ತದೆ, ಮತ್ತೆ ಟಿಕ್ ಟಿಕ್. ಯಾಕೆ?

ನಮ್ಮ ಅಂಗಡಿಗೆ ‘ಡ್ರೈವ್ ಹೋಯ್ತು’ ಅಂತ ಬರುವುದರಲ್ಲಿ ಅರ್ಧಕ್ಕರ್ಧ ಇದೇ. ಕರೆಂಟು ಸಾಲದು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪ್, 3.0 ಕಿಂಡಿ 900. ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವ ಆ ಕ್ಷಣದಲ್ಲಿ ಡ್ರೈವ್ ಅದಕ್ಕಿಂತ ಜಾಸ್ತಿ ಎಳೆಯಬಹುದು. ತೋಟದ ಪಂಪ್‌ಸೆಟ್ ಆನ್ ಮಾಡಿದಾಗ ಮನೆ ಲೈಟು ಮಂಕಾಗುತ್ತದಲ್ಲ, ಅದೇ ಲೆಕ್ಕ.

ಹೀಗೆ ಮಾಡಿ. ಒಂದು ಕಿಂಡಿಯನ್ನು ಹಲವು ಮಾಡುವ ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಾಕಿ. ನೀಲಿ ಕಿಂಡಿ ಇದ್ದರೆ ಅದೇ ಇರಲಿ. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿಕೊಳ್ಳಿ. ಉದ್ದದ ಎಕ್ಸ್‌ಟೆನ್ಷನ್ ವೈರ್ ಬೇಡ. ಇಷ್ಟಾದರೂ ಹಟ ಮಾಡಿದರೆ ಎರಡು ತಲೆಯ ‘ವೈ’ ಕೇಬಲ್ ಸಿಗುತ್ತದೆ, ಒಂದು ತಲೆ ಮಾಹಿತಿಗೆ, ಇನ್ನೊಂದು ಕರೆಂಟಿಗೆ.

ಟೈಪ್ ಸಿ ಮಾತ್ರ ಇರುವ ಲ್ಯಾಪ್‌ಟಾಪ್ ಆದರೆ ಸಣ್ಣ ಕನ್ವರ್ಟರ್ ಸಾಕು. ಅದಕ್ಕೆಂದೇ ಬೇರೆ ಡ್ರೈವ್ ಕೊಳ್ಳಬೇಕಿಲ್ಲ.

ಡ್ರೈವ್ ಕಾಣುತ್ತದೆ, ಡಿಸ್ಕೂ ಕಾಣುತ್ತದೆ. ಸಿನಿಮಾ ಮಾತ್ರ ಓಡಲ್ಲ.

ತಪ್ಪು ಡ್ರೈವಿನದಲ್ಲ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ವಿಂಡೋಸ್ ಜೊತೆ ಬರುವುದಿಲ್ಲ. ವಿಎಲ್‌ಸಿ ಅನ್ನುವ ವಿಡಿಯೋ ಓಡಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ. ಅದರಲ್ಲಿ ‘ಓಪನ್ ಡಿಸ್ಕ್’ ಒತ್ತಿದರೆ ಆಯಿತು.

ವಿಸಿಡಿ ಆದರೆ ಇನ್ನೊಂದು ಚೂರು ಕೆಲಸ. ನಮ್ಮ ಕಡೆ ಡಿವಿಡಿಗಿಂತ ವಿಸಿಡಿಯೇ ಜಾಸ್ತಿ ಇತ್ತಲ್ಲ, ಒಂದು ಸಿನಿಮಾಗೆ ಎರಡೋ ಮೂರೋ ಸಿಡಿ. ಡಿಸ್ಕ್ ತೆರೆದು ‘ಎಂಪಿಇಜಿಎವಿ’ ಅನ್ನುವ ಫೋಲ್ಡರ್ ಹುಡುಕಿ. ಒಳಗೆ ‘ಡ್ಯಾಟ್’ ಬಾಲದ ಫೈಲ್ ಇರುತ್ತದೆ. ಅದನ್ನು ಎಳೆದು ವಿಎಲ್‌ಸಿ ಮೇಲೆ ಬಿಡಿ. ಚಿತ್ರ ಮಸುಕಾಗಿದ್ದರೆ ಗಾಬರಿ ಬೇಡ. ವಿಸಿಡಿಯ ಚಿತ್ರ ಇರುವುದೇ 352 ಅಡ್ಡ, 288 ಉದ್ದದ ಚುಕ್ಕೆಗಳಲ್ಲಿ.

ಅಮೆರಿಕದಿಂದ ಮಗ ತಂದ ಡಿವಿಡಿ ಹಾಕಿದರೆ ‘ರೀಜನ್’ ಅಂತ ಏನೋ ಕೇಳುತ್ತದೆ.

ಸಿನಿಮಾ ಕಂಪನಿಗಳು ಲೋಕವನ್ನು ವಲಯಗಳಾಗಿ ಹಂಚಿಕೊಂಡಿವೆ. ಅಮೆರಿಕ 1, ಭಾರತ 5. ಡ್ರೈವಿನ ವಲಯವನ್ನು ಒಟ್ಟು ಐದು ಸಲ ಮಾತ್ರ ಬದಲಾಯಿಸಬಹುದು. ಐದನೆಯ ಸಲ ಎಲ್ಲಿ ನಿಲ್ಲಿಸಿದಿರೋ ಅಲ್ಲಿಗೇ ಗಟ್ಟಿ. ಆ ಕಿಟಕಿ ಬಂದಾಗ ಸುಮ್ನೆ ‘ಓಕೆ’ ಒತ್ತಬೇಡಿ. ಮನೆಯ ವಿಡಿಯೋಗಳಿಗೆ, ಹಾಡಿನ ಸಿಡಿಗೆ ಇದರ ಕಾಟ ಇಲ್ಲ.

ಟಿವಿಗೆ ನೇರವಾಗಿ ಸಿಕ್ಕಿಸಬಹುದಾ? ಫೋನಿಗೆ?

ಟಿವಿಗೆ ಆಗಲ್ಲ. ಟಿವಿಯ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಭಾಷೆ ಗೊತ್ತು, ಡಿವಿಡಿ ಡ್ರೈವ್ ಭಾಷೆ ಗೊತ್ತಿಲ್ಲ. ಟಿವಿಯಲ್ಲಿ ನೋಡುವುದಷ್ಟೇ ಆಸೆ ಇದ್ದರೆ ಡಿವಿಡಿ ಪ್ಲೇಯರ್ ತೆಗೆದುಕೊಳ್ಳಿ, ಎಚ್‌ಡಿಎಂಐ ಕಿಂಡಿ ಇರುವುದು. ಹಳದಿ, ಕೆಂಪು, ಬಿಳಿ ಮೂರು ಪಿನ್ನಿನ ಜಾಗ ಹೊಸ ಟಿವಿಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಫೋನಿಗೂ ಹೆಚ್ಚುಕಮ್ಮಿ ಇದೇ ಉತ್ತರ. ಕೆಲವು ಮಾದರಿಯ ಡ್ರೈವ್‌ಗಳು ಮಾತ್ರ ತಮ್ಮದೇ ಆಪ್ ಮೂಲಕ ನಡೆಯುತ್ತವೆ.

ಮ್ಯಾಕ್‌ಬುಕ್‌ಗೆ?

ಸಾಮಾನ್ಯ ಡ್ರೈವೇ ಸಾಕು. ಆಪಲ್ ಕಂಪನಿಯದ್ದೇ ‘ಸೂಪರ್‌ಡ್ರೈವ್’ ಹಳೆಯದು ಅಗ್ಗಕ್ಕೆ ಸಿಕ್ಕಿತು ಅಂತ ವಿಂಡೋಸಿಗೆ ತಂದರೆ ತಲೆನೋವು. ಅದಕ್ಕೆ ಬಾಯಿ ಮಾತ್ರ, ಟ್ರೇ ಇಲ್ಲ. ಹಳೇ ಕ್ಯಾಮರಾದ ಸಣ್ಣ 8 ಸೆಂಟಿಮೀಟರ್ ಡಿಸ್ಕನ್ನು ಅದಕ್ಕೆ ತಿನ್ನಿಸಲೇಬೇಡಿ, ಸಿಕ್ಕಿಕೊಳ್ಳುತ್ತದೆ.

ಮದುವೆ ಡಿವಿಡಿಯನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಡಿಸ್ಕ್ ತೆರೆದರೆ ‘ವಿಡಿಯೋ ಟಿಎಸ್’ ಅನ್ನುವ ಫೋಲ್ಡರ್ ಕಾಣುತ್ತದೆ. ಇಡೀ ಫೋಲ್ಡರ್ ಹಾಗೇ ಕಾಪಿ ಮಾಡಿ. ಒಳಗಿನ ‘ವಿಒಬಿ’ ಫೈಲ್‌ಗಳು ಒಂದೊಂದೂ ಹೆಚ್ಚೆಂದರೆ 1 ಜಿಬಿ. ಒಂದು ಮದುವೆ ನಾಲ್ಕೈದು ತುಂಡಾಗಿ ಕಾಣುವುದು ಅದಕ್ಕೇ, ಸ್ಟುಡಿಯೋದವರು ಕತ್ತರಿಸಿದ್ದಲ್ಲ. ಸಾಮಾನ್ಯ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಡಿಸ್ಕ್ ಚೆನ್ನಾಗಿದ್ದರೆ ಒಂದು ಲೋಟ ಕಾಫಿ ಮಾಡಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ.

ವಾಟ್ಸಾಪ್‌ನಲ್ಲಿ ಕಳಿಸಲು, ಫೋನಿನಲ್ಲಿ ನೋಡಲು ಎಂಪಿ4 ಬೇಕು. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದಕ್ಕೆ ಆ ಫೋಲ್ಡರ್ ತೋರಿಸಿ, 576 ಅಂತ ಇರುವ ಅಳತೆ ಆರಿಸಿ. ನಮ್ಮ ಕಡೆಯ ಡಿವಿಡಿ ಇರುವುದೇ 720 ಅಡ್ಡ, 576 ಉದ್ದದಲ್ಲಿ. 1080 ಮಾಡಿದರೆ ಫೈಲ್ ಊದುತ್ತದೆ, ಅತ್ತೆಯ ಸೀರೆ ಅಂಚು ಸ್ಪಷ್ಟವಾಗಲ್ಲ. ಎಂಪಿ4 ಆಯಿತು ಅಂತ ಮೂಲ ಫೋಲ್ಡರ್ ಅಳಿಸಬೇಡಿ. ಎರಡು ಕಡೆ ಇಡಿ: ಒಂದು ಮನೆಯಲ್ಲಿ, ಒಂದು ಮಗಳ ಮನೆಯಲ್ಲಿ.

ಕಾಪಿ ನಡುವೆ ನಿಂತರೆ? ಡಿಸ್ಕಿನಲ್ಲಿ ಬರವಣಿಗೆ ಒಳಗಿನಿಂದ ಹೊರಗೆ ಹೋಗುತ್ತದೆ. ನಾವು ಕೈ ಹಿಡಿಯುವುದು ಹೊರ ಅಂಚನ್ನು. ಅದಕ್ಕೇ ವರಪೂಜೆ ಎಲ್ಲ ಚೆನ್ನಾಗಿ ಓಡಿ, ಸರಿಯಾಗಿ ಧಾರೆ ಹೊತ್ತಿಗೆ ಚಿತ್ರ ಕಲ್ಲಾಗುತ್ತದೆ. ವಿಂಡೋಸಿನ ಕಾಪಿ ಮೊದಲ ತಪ್ಪು ಸಿಕ್ಕ ಕೂಡಲೇ ಕೈ ಎತ್ತುತ್ತದೆ. ಐಸೋಬಸ್ಟರ್ ಅಥವಾ ಲಿನಕ್ಸಿನ ಡಿಡಿ-ರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್‌ಗಳು ಹಾಗಲ್ಲ. ಕೆಟ್ಟ ಜಾಗ ದಾಟಿ ಮುಂದೆ ಹೋಗಿ, ಆಮೇಲೆ ಹಿಂದಿರುಗಿ ಮತ್ತೆ ಮತ್ತೆ ಪ್ರಯತ್ನ ಮಾಡುತ್ತವೆ. ರಾತ್ರಿಯಿಡೀ ಬಿಡಬೇಕಾಗಬಹುದು.

ಇದಕ್ಕಿಂತ ಸುಲಭದ್ದು ಇನ್ನೊಂದಿದೆ: ಬೇರೆ ಡ್ರೈವಿನಲ್ಲಿ ಹಾಕಿ ನೋಡುವುದು. ಒಂದು ಓದದ್ದನ್ನು ಇನ್ನೊಂದು ಓದುತ್ತದೆ. ನಮ್ಮ ಮೇಜಿನ ಮೇಲೆ ಮೂರು ಡ್ರೈವ್ ಇರುವುದು ಆಡಂಬರಕ್ಕಲ್ಲ.

ಹಳೇ ಹ್ಯಾಂಡಿಕ್ಯಾಮ್ ಡಿಸ್ಕ್ ‘ಖಾಲಿ’ ಅಂತ ತೋರಿಸಿದರೆ ಎಸೆಯಬೇಡಿ. ಶೂಟಿಂಗ್ ಆದ ಮೇಲೆ ‘ಫೈನಲೈಸ್’, ಅಂದರೆ ಬೇರೆ ಡ್ರೈವ್ ಓದುವ ಹಾಗೆ ಡಿಸ್ಕನ್ನು ಮುಗಿಸುವ ಕೆಲಸ, ಮಾಡದೆ ಬಿಟ್ಟಿರಬಹುದು. ಅದೇ ಕ್ಯಾಮರಾ ಇನ್ನೂ ಜೀವಂತ ಇದ್ದರೆ ಅದರಲ್ಲೇ ಹಾಕಿ ಫೈನಲೈಸ್ ಕೊಡಿ.

ಸಿಡಿಗೆ ಬೂಷ್ಟು ಹಿಡಿದಿದೆ. ಹಾಗೇ ಹಾಕಬಹುದಾ?

ದಯವಿಟ್ಟು ಬೇಡ. ನಮ್ಮ ಜಿಲ್ಲೆ ಅರ್ಧ ಮಲೆನಾಡು, ಅರ್ಧ ಬಯಲು. ಡಬ್ಬಿ ತೆರೆದ ಕೂಡಲೇ ಊರು ಯಾವ ಕಡೆ ಅಂತ ಹೇಳಿಬಿಡಬಹುದು. ಅರಸೀಕೆರೆ ಕಡೆಯ ಸಿಡಿಗೆ ಕೆಮ್ಮಣ್ಣಿನ ಧೂಳು, ಗೀರು. ಸಕಲೇಶಪುರ, ಪಕ್ಕದ ಜಿಲ್ಲೆಯ ಮೂಡಿಗೆರೆ, ಕೊಪ್ಪದ ಸಿಡಿಗೆ ಬೂಷ್ಟು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರೆ ಬೂಷ್ಟು ಕಡಿಮೆ, ಬದಲಿಗೆ ಹೊಗೆಯ ಜಿಡ್ಡು.

ಬೂಷ್ಟು ಹಿಡಿದ ಡಿಸ್ಕ್ ಹಾಗೇ ಹಾಕಿದರೆ ಅದು ಉದುರಿ ಲೆನ್ಸ್ ಮೇಲೆ ಕೂರುತ್ತದೆ. ಆಮೇಲೆ ಒಳ್ಳೇ ಡಿಸ್ಕೂ ಓದಲ್ಲ. ಮೊದಲು ಬೆಳಕಿಗೆ ಹಿಡಿದು ನೋಡಿ. ಮೇಲ್ಮೈ ಮೇಲೆ ಬಿಳಿ ಚುಕ್ಕೆ, ಮಂಜು ಕವಿದ ಹಾಗೆ ಇದ್ದರೆ ತೊಳೆದರೆ ಹೋಗುತ್ತದೆ. ಬೆಳ್ಳಿ ಪದರದಲ್ಲೇ ತೂತಾಗಿ ಬೆಳಕು ಹಾಯುತ್ತಿದ್ದರೆ, ಅಂಚಿನಿಂದ ಒಳಗೆ ಮರದ ಬೇರಿನ ಹಾಗೆ ಗೆರೆ ಹೋಗಿದ್ದರೆ ಅಷ್ಟು ಭಾಗ ಹೋಯಿತು ಅಂತಲೇ ಲೆಕ್ಕ.

ತೊಳೆಯುವುದು ಹೀಗೆ. ನಲ್ಲಿ ನೀರನ್ನು ಸಣ್ಣಗೆ ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರಳ ತುದಿಗೆ. ನಡುವಿನ ತೂತಿನಿಂದ ಅಂಚಿನ ಕಡೆ ನೇರವಾಗಿ ಸವರಿ. ದೋಸೆ ಹುಯ್ದ ಹಾಗೆ ಸುತ್ತು ಸುತ್ತಾಗಿ ಉಜ್ಜಬೇಡಿ. ಅಡ್ಡ ಗೀರು ಬಿದ್ದರೆ ಡ್ರೈವ್ ಸರಿದೂಗಿಸಿಕೊಳ್ಳುತ್ತದೆ, ಸುತ್ತಿನ ಗೀರು ಬಿದ್ದರೆ ಒಂದೇ ಸಾಲು ಉದ್ದಕ್ಕೂ ಹಾಳು. ಆಮೇಲೆ ಹಳೇ ಕಾಟನ್ ಪಂಚೆಯ ತುಂಡಿನಲ್ಲಿ ಒತ್ತಿ ಒತ್ತಿ ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿನಲ್ಲಿ ಬರವಣಿಗೆ ಇರುವುದು ಬಣ್ಣದ ಪದರದಲ್ಲಿ, ಬಿಸಿಲಿಗೆ ಅದು ಮಾಸುತ್ತದೆ. ಪುಡಿ ಸೋಪು, ಥಿನ್ನರ್, ಪೆಟ್ರೋಲ್, ತೆಂಗಿನ ನಾರು ಯಾವುದೂ ಬೇಡ. ನಾರು ಹಾಕಿ ಉಜ್ಜಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡಿಸ್ಕ್ ತಿರುವಿ ಬಣ್ಣ ನೋಡುವ ಅಭ್ಯಾಸ ಇರಲಿ. ಬೆಳ್ಳಿಯ ಹಾಗಿದ್ದರೆ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲಿ ಒತ್ತಿದ್ದು, ಗಟ್ಟಿ. ನೇರಳೆ, ನೀಲಿ, ಹಸಿರು ಛಾಯೆ ಇದ್ದರೆ ಬರ್ನ್ ಮಾಡಿದ್ದು. ಅಂಗಡಿಯಲ್ಲಿ ಕೊಂಡ ಸಿನಿಮಾಗಿಂತ ಮುಂಚೆ ನಿಮ್ಮ ಮದುವೆ ಡಿಸ್ಕ್ ಸಾಯುತ್ತದೆ. ಸಿನಿಮಾ ಇನ್ನೆಲ್ಲಾದರೂ ಸಿಗುತ್ತದೆ. ಕಾಪಿ ಶುರು ಮಾಡುವಾಗ ನೇರಳೆ ಬಣ್ಣದವನ್ನು ಮೇಲಿಡಿ, ಜೂನ್ ಮಳೆಗೆ ಮುಂಚೆ ಮುಗಿಸಿ.

ಗೀರು ಬಿದ್ದಿರುವುದು ಮೇಲುಗಡೆ, ಕೆಳಗಡೆ ಅಲ್ಲ. ಪರವಾಗಿಲ್ಲ ಅಲ್ವಾ?

ಡಿವಿಡಿ ಆದರೆ ಅಷ್ಟೇನೂ ಭಯ ಇಲ್ಲ. ಅದು 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿದ್ದು, ಬರವಣಿಗೆ ನಡುವೆ ಇರುತ್ತದೆ. ಸಿಡಿ ಹಾಗಲ್ಲ. ಅದರ ಬೆಳ್ಳಿ ಪದರ ಮೇಲ್ಗಡೆಯೇ, ತೆಳು ಮೆರುಗೆಣ್ಣೆಯ ಕೆಳಗೆ. ಜನ ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಹೆಸರು ಬರೆದ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಉಲ್ಟಾ.

ಇದನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ. ಅಂಗಡಿ ಶುರು ಮಾಡಿದ ಹೊಸತು. ನಮ್ಮ ದೊಡ್ಡಮ್ಮ ಮೊಮ್ಮಗನ ನಾಮಕರಣದ ಸಿಡಿ ತಂದಿದ್ದರು. ಮೇಲೆ ಸ್ಟುಡಿಯೋದವರು ಅಂಟಿಸಿದ ಕಾಗದ, ಅದರಲ್ಲಿ ಗಣಪತಿ ಚಿತ್ರ. ಒಂದು ಕಡೆ ಎದ್ದು ಮಡಚಿಕೊಂಡಿತ್ತು. ಡ್ರೈವಿನಲ್ಲಿ ಅಲುಗಾಡುತ್ತಿದೆ ಅಂತ ನಾನು ಉಗುರು ಹಾಕಿ ಎಳೆದೆ. ಗಣಪತಿ ಜೊತೆಗೆ ಬೆಳ್ಳಿಯೂ ಎದ್ದು ಬಂತು. ಕೈಯಲ್ಲಿ ಉಳಿದದ್ದು ಕನ್ನಡಕದ ಗಾಜಿನಂಥ ಪ್ಲಾಸ್ಟಿಕ್. ದೊಡ್ಡಮ್ಮ ಎದುರಿಗೇ ಕೂತಿದ್ದರು. ‘ಹೋಗ್ಲಿ ಬಿಡಪ್ಪ’ ಅಂದರು. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಸ್ಟಿಕ್ಕರ್ ಕೀಳಬೇಡಿ. ಎದ್ದ ಅಂಚನ್ನು ಬೇಕಾದರೆ ಕತ್ತರಿಯಲ್ಲಿ ಕತ್ತರಿಸಿ, ಅಷ್ಟೇ.

ಡಿವಿಡಿ ಓದುತ್ತದೆ, ಸಿಡಿ ಓದಲ್ಲ. ಹಾಗೂ ಆಗುತ್ತದಾ?

ಆಗುತ್ತದೆ. ಒಳಗೆ ಎರಡು ಲೇಸರ್ ಇವೆ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650. ಒಂದು ಹೋದರೂ ಇನ್ನೊಂದು ಓಡುತ್ತಿರುತ್ತದೆ. ಬ್ಲೂ-ರೇಗೆ 405 ಬೇಕು, ಅದು ಡಿವಿಡಿ ಡ್ರೈವಿನಲ್ಲಿ ಇರುವುದೇ ಇಲ್ಲ. ಹಾಗಾಗಿ ಯಾವ ಸಾಫ್ಟ್‌ವೇರ್ ಹಾಕಿದರೂ ಬ್ಲೂ-ರೇ ಓದಲ್ಲ.

ಆಸ್ಪತ್ರೆಯಲ್ಲಿ ಎಂಆರ್‌ಐ ಸಿಡಿ ಕೊಟ್ಟಿದ್ದಾರೆ. ತೆರೆದರೆ ಫೋಟೋನೇ ಕಾಣಲ್ಲ.

ಮೈಸೂರಿಗೋ ಬೆಂಗಳೂರಿಗೋ ದೊಡ್ಡ ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಸಂಜೆ ಈ ಪ್ರಶ್ನೆ ಬರುತ್ತದೆ, ಗಾಬರಿಯಲ್ಲಿ. ಅದು ಸಾಮಾನ್ಯ ಫೋಟೋ ಅಲ್ಲ. ಡೈಕಾಮ್ ಅನ್ನುವ ಮಾದರಿ. ಫೈಲ್‌ಗಳಿಗೆ ಎಷ್ಟೋ ಸಲ ಬಾಲವೇ ಇರುವುದಿಲ್ಲ, ಬರೀ ಅಂಕಿಗಳ ಹೆಸರು. ಸಾಮಾನ್ಯವಾಗಿ ಸಿಡಿಯಲ್ಲೇ ನೋಡುವ ಸಾಫ್ಟ್‌ವೇರೂ ಇರುತ್ತದೆ, ಅದು ವಿಂಡೋಸಿಗೆ ಮಾತ್ರ. ಇಲ್ಲದಿದ್ದರೆ ಮೈಕ್ರೋಡೈಕಾಮ್ ಅಥವಾ ವೀಸಿಸ್ ಹಾಕಿಕೊಳ್ಳಿ.

ಪೆನ್‌ಡ್ರೈವಿಗೆ ಹಾಕುವಾಗ ಸಿಡಿಯಲ್ಲಿರುವ ಎಲ್ಲವನ್ನೂ ಹಾಗೇ ಕಾಪಿ ಮಾಡಿ. ‘ಡೈಕಾಮ್‌ಡಿರ್’ ಅನ್ನುವ ಫೈಲ್ ಇಡೀ ಪಟ್ಟಿ ಇಟ್ಟುಕೊಂಡಿರುತ್ತದೆ. ಹೆಸರು ಬದಲಾಯಿಸಿದರೆ, ಫೋಲ್ಡರ್ ಸರಿಸಿದರೆ ಅದಕ್ಕೆ ದಾರಿ ತಪ್ಪುತ್ತದೆ. ಸ್ಕ್ರೀನಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಡಾಕ್ಟರಿಗೆ ಒಂದು ಪದರ ಕಾಣುತ್ತದೆ, ಅವರು ನೋಡಬೇಕಾದದ್ದು ನೂರಾರು. ಮೂಲ ಸಿಡಿಯನ್ನೂ ಜೊತೆಗೆ ಒಯ್ಯಿರಿ.

ಕಾರಿಗೆ ಹಾಡಿನ ಸಿಡಿ ಬರ್ನ್ ಮಾಡಬೇಕು.

ಹಳೇ ಕಾರಿನ ಸ್ಟೀರಿಯೋ ಆದರೆ ‘ಆಡಿಯೋ ಸಿಡಿ’ ಮಾಡಿ, 80 ನಿಮಿಷ ಹಿಡಿಯುತ್ತದೆ. ಸ್ಟೀರಿಯೋ ಮೇಲೆ ಎಂಪಿ3 ಅಂತ ಬರೆದಿದ್ದರೆ 700 ಎಂಬಿಯಲ್ಲಿ ನೂರಕ್ಕೂ ಮೀರಿ ಹಾಡು. ಸ್ಪೀಡ್ ಕಡಿಮೆ ಇಡಿ, ಮುಗಿದ ಮೇಲೆ ‘ವೆರಿಫೈ’ ಕೊಡಿ. ಬರ್ನ್ ಆಗುವಾಗ ಕರೆಂಟು ಹೋಗಿ ಡ್ರೈವ್ ನಿಂತರೆ ಆ ಡಿಸ್ಕ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ.

ಡಿಸ್ಕ್ ಒಳಗೇ ಸಿಕ್ಕಿಕೊಂಡರೆ?

ಮುಂಭಾಗದಲ್ಲಿ ಸೂಜಿ ಹೋಗುವಷ್ಟು ತೂತು ಇದೆ. ವೈರ್ ಕಿತ್ತು, ಅರ್ಧ ನಿಮಿಷ ಬಿಟ್ಟು, ಜೆಮ್ ಕ್ಲಿಪ್ ನೆಟ್ಟಗೆ ಮಾಡಿ ನೇರವಾಗಿ ತಳ್ಳಿ. ಟ್ರೇ ಬಿಟ್ಟುಕೊಳ್ಳುತ್ತದೆ.

ಸಿನಿಮಾ ಡಿವಿಡಿಗಳನ್ನೂ ಹೀಗೇ ಇಳಿಸಿಕೊಡ್ತೀರಾ?

ಇಲ್ಲ. ಕಂಪನಿ ಡಿಸ್ಕ್‌ಗಳಿಗೆ ಎಷ್ಟೋ ಸಲ ಬೀಗ ಇರುತ್ತದೆ. ಹಕ್ಕು ಮೀರುವ ಉದ್ದೇಶದಿಂದ ಆ ಬೀಗ ಮುರಿಯುವುದು 2012ರ ಕಾಪಿರೈಟ್ ತಿದ್ದುಪಡಿಯ ನಂತರ ಅಪರಾಧ. ನಿಮ್ಮ ಮನೆಯ ವಿಡಿಯೋ ತನ್ನಿ, ಎಷ್ಟು ಬೇಕಾದರೂ ಮಾಡಿಕೊಡುತ್ತೇನೆ.

ಡ್ರೈವನ್ನು ಎಲ್ಲಿ, ಹೇಗೆ ಇಡಬೇಕು?

ಬಳಸುವಾಗ ಸಮತಟ್ಟಾದ ಮೇಜಿನ ಮೇಲೆ. ಹಾಸಿಗೆ, ತೊಡೆ ಬೇಡ. ತಿರುಗುತ್ತಿರುವಾಗ ಎತ್ತಬೇಡಿ. ಇಡುವಾಗ ಒಳಗೆ ಡಿಸ್ಕ್ ಬಿಡಬೇಡಿ. ಮಲೆನಾಡಿನ ಮನೆಯಾದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ಶೂ ಜೊತೆ ಬರುವ ತೇವ ಹೀರುವ ಪೊಟ್ಟಣ ಎರಡು ಇಡಿ. ಚಳಿ ಬೆಳಿಗ್ಗೆ ತಣ್ಣಗಿನ ಕೋಣೆಯಿಂದ ತಂದ ಕೂಡಲೇ ಓಡಿಸಬೇಡಿ, ಲೆನ್ಸ್ ಮೇಲೆ ಇಬ್ಬನಿ ಕೂತಿರುತ್ತದೆ. ಅರ್ಧ ಗಂಟೆ ಬಿಡಿ.

ಕಾಪಿ ಆದ ಮೇಲೆ ಸಿಡಿಗಳನ್ನು ಏನು ಮಾಡೋದು?

ಮದುವೆ, ನಾಮಕರಣದ್ದನ್ನು ಇಟ್ಟುಕೊಳ್ಳಿ, ನಿಲ್ಲಿಸಿ ಇಡಿ. ಉಳಿದದ್ದನ್ನು ಒಲೆಗೆ ಹಾಕಬೇಡಿ, ಪ್ಲಾಸ್ಟಿಕ್ ಹೊಗೆ ಕೆಟ್ಟದ್ದು. ನಮ್ಮ ಕಡೆ ದಾರಕ್ಕೆ ಕಟ್ಟಿ ಗದ್ದೆಯಲ್ಲಿ ತೂಗುಹಾಕುತ್ತಾರೆ, ಮಿಣಮಿಣ ಅಂದರೆ ಹಕ್ಕಿ ಹತ್ತಿರ ಬರಲ್ಲ ಅಂತ. ಕಟ್ಟುವ ಮುಂಚೆ ಕಾಪಿ ಆದ ಫೈಲನ್ನು ಕೊನೆಯವರೆಗೂ ಓಡಿಸಿ ನೋಡಿ.

ಆಲೂರು ಕಡೆಯ ಒಬ್ಬರು ಹೋದ ವರ್ಷ ಬಂದಿದ್ದರು. ಮನೆಯಲ್ಲಿ ಎರಡು ಕಟ್ಟು ಇದ್ದವು, ಕಾಪಿ ಆದದ್ದು, ಆಗದೇ ಇದ್ದದ್ದು. ಆಳು ತಪ್ಪು ಕಟ್ಟು ಒಯ್ದು ಗದ್ದೆಗೆ ಕಟ್ಟಿಬಿಟ್ಟಿದ್ದ. ಮೂರು ವಾರ ಬಿಸಿಲು ತಿಂದ ಮದುವೆ ಡಿಸ್ಕ್, ತೂತಿನಲ್ಲಿ ಇನ್ನೂ ಸಣಬಿನ ದಾರ. ತೊಳೆದೆ, ಒರೆಸಿದೆ, ಮೂರೂ ಡ್ರೈವಿನಲ್ಲಿ ಹಾಕಿದೆ. ಎರಡು ಓದಲಿಲ್ಲ. ಮೂರನೆಯದರಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಂದು ನೋಡಿದರೆ ಮೊದಲ ಹನ್ನೊಂದು ನಿಮಿಷ ಇಳಿದಿತ್ತು. ಚಪ್ಪರ ಇದೆ, ವಾಲಗ ಇದೆ, ಅವರ ಅಪ್ಪ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದಾರೆ. ಧಾರೆ ಇಲ್ಲ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು ಅಂದರು. ಆ ಹನ್ನೊಂದು ನಿಮಿಷವನ್ನು ಎರಡು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು.